ಡಿಎಂಡಿ ಜೀನ್ ರಿಪೋರ್ಟು ಕೈಗೆ ಬಂದಾಗ: ಸಾಲು ಸಾಲಾಗಿ ಓದುವ ಬಗೆ

ನಮ್ಮ ಅಕ್ಕನ ಮಗನ ಜೀನ್ ರಿಪೋರ್ಟು ಬಂದ ದಿನ ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರಲಿಲ್ಲ. ನಾಲ್ಕು ಪುಟ. ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ಡಿಎಂಡಿ ಜೀನಿನ 48ರಿಂದ 50ರವರೆಗಿನ ಎಕ್ಸಾನ್‌ಗಳು ಡಿಲೀಟ್ ಆಗಿವೆ. ಭಾವ ಅದನ್ನು ಮೂರು ಸಲ ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ಒಟ್ಟು 79ರಲ್ಲಿ ಮೂರೇ ಅಲ್ವಾ ಹೋಗಿರೋದು? ಇನ್ನೂ 76 ಇದೆಯಲ್ಲ?"

ಡಿಎಂಡಿ ಅಂದರೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯುಗಳು ಸವೆಯುತ್ತಾ ಹೋಗುವ ಕಾಯಿಲೆ; ಅದಕ್ಕೆ ಕಾರಣವಾಗುವ ಜೀನಿಗೂ ಅದೇ ಹೆಸರು. ಎಕ್ಸಾನ್ ಎಂದರೆ ಜೀನಿನ ಒಂದು ತುಂಡು. ಭಾವನ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಆ ಹುಡುಗನ ಚಿಕ್ಕಮ್ಮ. ಅದೇ ದೋಷ ನನ್ನಲ್ಲೂ ಇರಬಹುದಿತ್ತು, ಹಾಗಾಗಿ ಸುಮ್ನೆ ಕೂರಲು ಆಗಲಿಲ್ಲ. ಜೆನೆಟಿಕ್ ಕೌನ್ಸೆಲರ್ ಎದುರು ಕೂತು, ಕೇಳಿ, ಬರೆದುಕೊಂಡು, ತಪ್ಪಿದ್ದಲ್ಲಿ ತಿದ್ದಿಸಿಕೊಂಡು ಕಲಿತೆ. ಔಷಧಿಯ ತೀರ್ಮಾನ ಡಾಕ್ಟರ ಜೊತೆಗೇ ಆಗಬೇಕು. ಆದರೆ ರಿಪೋರ್ಟು ಓದಿಕೊಂಡು ಹೋದವರು ಕೇಳುವ ಪ್ರಶ್ನೆ ಬೇರೆ, ಓದದೆ ಹೋದವರು ಕೇಳುವ ಪ್ರಶ್ನೆ ಬೇರೆ. ಡಾಕ್ಟರು ಹತ್ತು ನಿಮಿಷ ಕೊಟ್ಟಾಗ ಅದು ತುಂಬಾ ಲೆಕ್ಕಕ್ಕೆ ಬರುತ್ತದೆ.

ಟೆಸ್ಟ್‌ಗೆ ಮೊದಲು ಗಮನಿಸಬೇಕಾದ್ದು

ಹುಡುಗ ಮೂರು ನಾಲ್ಕು ವರ್ಷದವನು. ಓಡುವಾಗ ಪದೇ ಪದೇ ಬೀಳುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ, ಮೆಟ್ಟಿಲು ಹತ್ತುವಾಗ ಯಾರದ್ದಾದರೂ ಕೈ ಬೇಕು, ಮೀನಖಂಡ ಮಾತ್ರ ದಪ್ಪಗೆ ಗಟ್ಟಿಯಾಗಿದೆ. ಅವನು ನೆಲದಿಂದ ಏಳುವುದನ್ನು ನೋಡಿ. ಮೊದಲು ಬೋರಲು ತಿರುಗುತ್ತಾನೆ. ಎರಡೂ ಕೈ ಊರಿ ಸೊಂಟ ಎತ್ತುತ್ತಾನೆ. ಆಮೇಲೆ ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ತೊಡೆಯ ಮೇಲೆ, ಹೀಗೆ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದ ಹಾಗೆ ನಿಲ್ಲುತ್ತಾನೆ. ಇದಕ್ಕೆ ಗವರ್ಸ್ ಲಕ್ಷಣ ಎನ್ನುತ್ತಾರೆ. ಊಟ ಮುಗಿಸಿ ಏಳುವಾಗ ಫೋನಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮಗು ಹಠ ಮಾಡಿದರೂ ವಿಡಿಯೋ ಇರುತ್ತದೆ.

ನಮ್ಮ ಮನೆಯಲ್ಲಿ ಇದನ್ನು ಮೊದಲು ಕಂಡದ್ದು ಅಮ್ಮ. "ನನ್ನ ತಮ್ಮನೂ ಹಿಂಗೇ ಏಳ್ತಿದ್ದ" ಅಂದರು. ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲ ರಕ್ತ ಪರೀಕ್ಷೆ ಸಿಪಿಕೆ, ಅಂದರೆ ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಒಂದು ಕಿಣ್ವದ ಅಳತೆ. ಸಾಮಾನ್ಯವಾಗಿ ಇದು 200ರ ಆಸುಪಾಸಿನೊಳಗೆ ಇರುತ್ತದೆ. ಡುಶೆನ್ ಇರುವ ಮಗುವಿನಲ್ಲಿ ಸಾವಿರಗಟ್ಟಲೆ, ಎಷ್ಟೋ ಸಲ 10,000 ದಾಟಿರುತ್ತದೆ. ಇಲ್ಲಿ ಒಂದು ವಿಷಯ ಜೋರಾಗಿ ಹೇಳಬೇಕು. ಎಸ್‌ಜಿಓಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ರಕ್ತದಲ್ಲಿ ಜಾಸ್ತಿ ಬಂದ ತಕ್ಷಣ ಎಲ್ಲರೂ ಲಿವರ್ ತೊಂದರೆ ಅಂದುಕೊಳ್ಳುತ್ತಾರೆ. ಆದರೆ ಇವೆರಡೂ ಸ್ನಾಯುವಿನಲ್ಲೂ ಇವೆ, ಸ್ನಾಯು ಹಾಳಾದಾಗಲೂ ರಕ್ತಕ್ಕೆ ಬರುತ್ತವೆ. ನಮ್ಮ ಹುಡುಗನಿಗೆ ಎಂಟು ತಿಂಗಳು ಕಾಮಾಲೆ ಔಷಧಿ ಕುಡಿಸಿದೆವು, ಪಥ್ಯ ಮಾಡಿಸಿದೆವು, ಎಣ್ಣೆ ತುಪ್ಪ ಬಿಡಿಸಿದೆವು. ಯಾರೂ ಸಿಪಿಕೆ ಬರೆದುಕೊಡಲಿಲ್ಲ. ಎಸ್‌ಜಿಪಿಟಿ ಜಾಸ್ತಿ ಇದ್ದು ಜಿಜಿಟಿ (ಲಿವರ್‌ನ ಇನ್ನೊಂದು ಪರೀಕ್ಷೆ) ಸರಿಯಾಗಿಯೇ ಇದ್ದರೆ "ಸಿಪಿಕೆ ಒಂದು ನೋಡೋಣವಾ ಡಾಕ್ಟ್ರೇ" ಎಂದು ನೀವೇ ಕೇಳಿ.

ಸಿಪಿಕೆ ಹೀಗೆ ವಿಪರೀತ ಇದ್ದರೆ ಮುಂದಿನದು ಜೀನ್ ಟೆಸ್ಟು. ಸ್ನಾಯುವಿನ ತುಂಡು ತೆಗೆಯುವ ಬಯಾಪ್ಸಿ ಮೊದಲೇ ಬೇಕಾಗಿಲ್ಲ. ಜೀನ್ ಟೆಸ್ಟಿನಲ್ಲಿ ಉತ್ತರ ಸಿಗದಿದ್ದಾಗ ಅದರ ಸರದಿ.

ಯಾವ ಟೆಸ್ಟು ಕೇಳಬೇಕು

ಡಿಎಂಡಿ ಜೀನು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಮನುಷ್ಯರಲ್ಲಿ ಗೊತ್ತಿರುವ ಜೀನ್‌ಗಳಲ್ಲಿ ಅತಿ ಉದ್ದದವುಗಳಲ್ಲಿ ಇದೂ ಒಂದು, ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಸುಮಾರು 22 ಲಕ್ಷ ಅಕ್ಷರ. ಅದರಲ್ಲಿ ಪ್ರೋಟೀನ್ ಮಾಡಲು ಬಳಕೆಯಾಗುವ ತುಂಡುಗಳೇ ಎಕ್ಸಾನ್‌ಗಳು, ಒಟ್ಟು 79. ಇಷ್ಟು ಉದ್ದ ಇರುವುದರಿಂದಲೇ ತುಂಡಾಗುವ ಸಂಭವವೂ ಜಾಸ್ತಿ. ಬಾಸ್ಟನ್‌ನಲ್ಲಿ ಲೂಯಿ ಕುಂಕೆಲ್ ಅವರ ತಂಡ 1986-87ರಲ್ಲಿ ಈ ಜೀನನ್ನೂ ಅದು ಮಾಡುವ ಪ್ರೋಟೀನನ್ನೂ ಪತ್ತೆ ಮಾಡಿತು, ಪ್ರೋಟೀನಿಗೆ ಡಿಸ್ಟ್ರೋಫಿನ್ ಎಂದು ಹೆಸರಿಟ್ಟಿತು.

ಡಿಸ್ಟ್ರೋಫಿನ್‌ನ ಕೆಲಸವನ್ನು ಹಸು ಕಟ್ಟುವ ಹಗ್ಗದ ಹಾಗೆ ಯೋಚಿಸಿ. ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ಕೊರಳಿಗೆ. ಡಿಸ್ಟ್ರೋಫಿನ್‌ನ ಒಂದು ತುದಿ ಸ್ನಾಯುಕೋಶದ ಒಳಗಿನ ಎಳೆಗಳಿಗೆ, ಇನ್ನೊಂದು ತುದಿ ಕೋಶದ ಹೊರಪದರಕ್ಕೆ. ಹಗ್ಗದ ನಡುವೆ ಸ್ವಲ್ಪ ಕತ್ತರಿಸಿ ಮತ್ತೆ ಗಂಟು ಹಾಕಿದರೆ ಹಗ್ಗ ಗಿಡ್ಡವಾಗುತ್ತದೆ, ಆದರೂ ಕಟ್ಟುತ್ತದೆ. ಒಂದು ತುದಿಯೇ ಇಲ್ಲದಿದ್ದರೆ ಎಷ್ಟು ಉದ್ದದ ಹಗ್ಗವಾದರೂ ಉಪಯೋಗವಿಲ್ಲ. ಗಿಡ್ಡ ಹಗ್ಗ ಬೆಕರ್ ಎಂಬ ಸೌಮ್ಯವಾದ ಕಾಯಿಲೆ, ತುದಿ ಇಲ್ಲದ ಹಗ್ಗ ತೀವ್ರವಾದ ಡುಶೆನ್. ಎರಡಕ್ಕೂ ಜೀನ್ ಒಂದೇ. ಈ ಚಿತ್ರ ತಲೆಯಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮೂರರಲ್ಲಿ ಎರಡರಷ್ಟು ಮಕ್ಕಳಲ್ಲಿ ಒಂದೋ ಹಲವೋ ಎಕ್ಸಾನ್ ಪೂರ್ತಿ ಬಿಟ್ಟುಹೋಗಿರುತ್ತದೆ. ಇದು ಡಿಲೀಷನ್. ಹತ್ತರಲ್ಲಿ ಒಬ್ಬರಿಗೆ ಎಕ್ಸಾನ್ ಎರಡೆರಡು ಸಲ ಬಂದಿರುತ್ತದೆ, ಇದು ಡ್ಯೂಪ್ಲಿಕೇಷನ್. ಉಳಿದವರಲ್ಲಿ ಸಣ್ಣ ಬದಲಾವಣೆ, ಒಂದೆರಡು ಅಕ್ಷರದ್ದು. ಹಾಗಾಗಿ ಮೊದಲು ಎಂಎಲ್‌ಪಿಎ ಮಾಡುತ್ತಾರೆ. ಅದು 79 ಎಕ್ಸಾನ್‌ಗಳನ್ನೂ ಎಣಿಸುತ್ತದೆ. ಅದರಲ್ಲಿ ಏನೂ ಸಿಗದಿದ್ದರೆ ಅಕ್ಷರ ಅಕ್ಷರ ಓದುವ ಸೀಕ್ವೆನ್ಸಿಂಗ್.

ಲ್ಯಾಬಿಗೆ ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: "79 ಎಕ್ಸಾನೂ ನೋಡ್ತೀರಾ?" ಮಲ್ಟಿಪ್ಲೆಕ್ಸ್ ಪಿಸಿಆರ್ ಎಂಬ ಹಳೆಯ ಟೆಸ್ಟು ಡಿಲೀಷನ್ ಹೆಚ್ಚಾಗಿ ಆಗುವ ಕೆಲವು ಎಕ್ಸಾನ್‌ಗಳನ್ನಷ್ಟೇ ನೋಡುತ್ತದೆ. ಡ್ಯೂಪ್ಲಿಕೇಷನ್ ಅದರ ಕಣ್ಣಿಗೆ ಬೀಳುವುದಿಲ್ಲ. ತಾಯಂದಿರು ವಾಹಕರೋ (ದೋಷ ಮೈಯಲ್ಲಿದ್ದು ಮಕ್ಕಳಿಗೆ ದಾಟಿಸಬಲ್ಲವರು) ಅಲ್ಲವೋ ಎಂದೂ ಅದರಿಂದ ಗೊತ್ತಾಗುವುದಿಲ್ಲ. ಅಂಥ ಟೆಸ್ಟಿನಲ್ಲಿ "ನೆಗೆಟಿವ್" ಬಂದರೆ ನೋಡಿದ ಜಾಗದಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ಕಾಯಿಲೆ ಇಲ್ಲ ಎಂದಲ್ಲ.

ಈಗ ರಿಪೋರ್ಟು ಬಿಡಿಸಿ

ಹುಡುಗರ ರಿಪೋರ್ಟಿನಲ್ಲಿ ಹೆಮಿಜೈಗಸ್ ಎಂಬ ಪದ ಇರುತ್ತದೆ. ಹೆದರಬೇಡಿ. ಗಂಡುಮಕ್ಕಳಿಗೆ ಎಕ್ಸ್ ಒಂದೇ ಇರುವುದರಿಂದ ಈ ಜೀನಿನ ಪ್ರತಿಯೂ ಒಂದೇ, ಅಷ್ಟನ್ನೇ ಆ ಪದ ಹೇಳುತ್ತದೆ. ತಾಯಿಗಾದರೆ ಎರಡು ಎಕ್ಸ್. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ. ಆಗ ಬರೆಯುವುದು ಹೆಟೆರೋಜೈಗಸ್ ಎಂದು.

ಎಂಎಲ್‌ಪಿಎ ರಿಪೋರ್ಟಿನಲ್ಲಿ ಪ್ರತಿ ಎಕ್ಸಾನಿನ ಎದುರು ಒಂದು ಸಂಖ್ಯೆ ಇರಬಹುದು. 1ರ ಆಸುಪಾಸು ಇದ್ದರೆ ಸರಿಯಿದೆ. ಹುಡುಗನಲ್ಲಿ 0 ಎಂದರೆ ಆ ಎಕ್ಸಾನ್ ಇಲ್ಲ, 2ರ ಹತ್ತಿರ ಎಂದರೆ ಎರಡು ಸಲ ಇದೆ. ಹೆಂಗಸರ ರಿಪೋರ್ಟಿನಲ್ಲಿ ಡಿಲೀಷನ್‌ಗೆ 0.5, ಡ್ಯೂಪ್ಲಿಕೇಷನ್‌ಗೆ 1.5ರ ಸುತ್ತಮುತ್ತ. ಒಂದೇ ಒಂದು ಎಕ್ಸಾನ್ ಇಲ್ಲ ಎಂದು ಬಂದಿದ್ದರೆ ಬೇರೆ ವಿಧಾನದಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಂಡಿದ್ದಾರಾ ಎಂದು ಕೇಳಿ. ಅಲ್ಲಿ ಯಾವುದೋ ಒಂದು ಅಕ್ಷರ ಬೇರೆ ಇದ್ದರೂ ಎಂಎಲ್‌ಪಿಎಗೆ ಆ ಎಕ್ಸಾನ್ ಇಲ್ಲದ ಹಾಗೆ ಕಾಣುವುದುಂಟು.

ಈಗ ಭಾವನ ಪ್ರಶ್ನೆ. ಮೂರೇ ಅಲ್ವಾ ಹೋಗಿರೋದು?

ಜೀವಕೋಶ ಜೀನನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಎರಡಲ್ಲ, ನಾಲ್ಕಲ್ಲ, ಮೂರು. ಕನ್ನಡದಲ್ಲೇ ಮಾಡಿ ನೋಡೋಣ. ಎಲ್ಲ ಪದವೂ ಮೂರಕ್ಷರದ್ದು ಇರುವ ಒಂದು ವಾಕ್ಯ:

ಕಮಲ ಮನೆಗೆ ಹಸಿರು ಬಳೆಯ ತಂದಳು

ಇದರಲ್ಲಿ "ಹಸಿರು" ಪೂರ್ತಿ ತೆಗೆಯಿರಿ. ಮೂರು ಅಕ್ಷರ ಹೋಯಿತು.

ಕಮಲ ಮನೆಗೆ ಬಳೆಯ ತಂದಳು

ಏನೋ ಕಮ್ಮಿಯಾಯಿತು, ಆದರೆ ಅರ್ಥವಾಗುತ್ತದೆ. ಈಗ ಮೂರರ ಬದಲು "ಹ" ಒಂದನ್ನೇ ತೆಗೆದು, ಮತ್ತೆ ಮೂರು ಮೂರಾಗಿ ಓದಿ.

ಕಮಲ ಮನೆಗೆ ಸಿರುಬ ಳೆಯತಂ ದಳು

ಹೋದದ್ದು ಒಂದೇ ಅಕ್ಷರ. ಆದರೆ ಅಲ್ಲಿಂದ ಮುಂದಿನದೆಲ್ಲ ಕೆಟ್ಟಿತು. ಜೀನಿನಲ್ಲಿ ಹೀಗಾದಾಗ ಸ್ವಲ್ಪ ದೂರದಲ್ಲೇ ತಪ್ಪಾಗಿ ಒಂದು ಪೂರ್ಣವಿರಾಮ ಸಿಕ್ಕಿಬಿಡುತ್ತದೆ, ಪ್ರೋಟೀನ್ ಅಲ್ಲಿಗೇ ನಿಲ್ಲುತ್ತದೆ. ಹಗ್ಗದ ಇನ್ನೊಂದು ತುದಿ ತಯಾರಾಗುವುದೇ ಇಲ್ಲ. ಮೊದಲನೆಯದಕ್ಕೆ ಇನ್-ಫ್ರೇಮ್, ಎರಡನೆಯದಕ್ಕೆ ಔಟ್-ಆಫ್-ಫ್ರೇಮ್ ಎನ್ನುತ್ತಾರೆ. ಎಷ್ಟು ಹೋಯಿತು ಅನ್ನುವುದಕ್ಕಿಂತ ಉಳಿದದ್ದು ಓದಲು ಬರುತ್ತದಾ ಅನ್ನುವುದು ಮುಖ್ಯ. ಈ ನಿಯಮವನ್ನು 1988ರಲ್ಲಿ ಕಂಡುಕೊಂಡರು, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಇದು ಸರಿಹೋಗುತ್ತದೆ.

ಕೆಲವು ಲ್ಯಾಬುಗಳು ಫ್ರೇಮ್ ಯಾವುದೆಂದು ರಿಪೋರ್ಟಿನಲ್ಲೇ ಬರೆಯುತ್ತವೆ. ಬರೆಯದಿದ್ದರೆ ನೀವೇ ಲೆಕ್ಕ ಹಾಕಬಹುದು, ಐದನೇ ಕ್ಲಾಸಿನ ಗಣಿತ ಸಾಕು. ಡಿಲೀಷನ್ ಹೆಚ್ಚಾಗಿ ಆಗುವುದು 45ರಿಂದ 55ರ ನಡುವೆ. ಆ ಭಾಗದ ಎಕ್ಸಾನ್‌ಗಳ ಉದ್ದ ಇಷ್ಟಿಷ್ಟು ಅಕ್ಷರ:

44ನೇ ಎಕ್ಸಾನ್ 148, 45 ಎಂದರೆ 176, 46 ಮತ್ತೆ 148, 47 ಎಂದರೆ 150, 48 ಎಂದರೆ 186, 49 ಎಂದರೆ 102, 50 ಎಂದರೆ 109, 51 ಎಂದರೆ 233, 52 ಎಂದರೆ 118, 53 ಎಂದರೆ 212.

ನಿಮ್ಮ ಮಗುವಿನಲ್ಲಿ ಇಲ್ಲದ ಎಕ್ಸಾನ್‌ಗಳ ಉದ್ದ ಕೂಡಿ. ಮೊತ್ತ 3ರಿಂದ ಭಾಗವಾದರೆ ಇನ್-ಫ್ರೇಮ್. ಭಾಗವಾಗುತ್ತದಾ ಎಂದು ನೋಡಲು ಸ್ಕೂಲಿನಲ್ಲಿ ಕಲಿತ ಉಪಾಯವೇ ಸಾಕು, ಅಂಕಿಗಳನ್ನೆಲ್ಲ ಕೂಡಿ ಅದು 3ರ ಮಗ್ಗಿಯಲ್ಲಿದೆಯಾ ನೋಡಿ.

ನಮ್ಮ ಹುಡುಗನದು 48, 49, 50. 186ಕ್ಕೆ 102, ಅದಕ್ಕೆ 109, ಒಟ್ಟು 397. ಅಂಕಿ ಕೂಡಿದರೆ 3+9+7, ಅಂದರೆ 19. ಮಗ್ಗಿಯಲ್ಲಿಲ್ಲ. ಔಟ್-ಆಫ್-ಫ್ರೇಮ್. ನಾನು ಇದನ್ನು ರಿಪೋರ್ಟಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಭಾವನಿಗೆ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ. ಇನ್ನೊಂದು ಸಲ ತಾವೇ ಕೂಡಿ ನೋಡಿದರು.

ಈಗ 45ರಿಂದ 48ರವರೆಗೆ ಹೋಗಿರುವ ಇನ್ನೊಬ್ಬ ಹುಡುಗನನ್ನು ಯೋಚಿಸಿ. ನಾಲ್ಕು ಎಕ್ಸಾನ್ ಇಲ್ಲ. 176, 148, 150, 186 ಕೂಡಿದರೆ 660, ಮೂರರಿಂದ ಭಾಗವಾಗುತ್ತದೆ. ನಮ್ಮ ಹುಡುಗನಿಗಿಂತ ಜಾಸ್ತಿ ಹೋಗಿದೆ, ಆದರೆ ಅವನದು ಸಾಮಾನ್ಯವಾಗಿ ಬೆಕರ್, ಅಂದರೆ ನಿಧಾನ, ಎಷ್ಟೋ ಜನ ದೊಡ್ಡವರಾದ ಮೇಲೂ ನಡೆಯುತ್ತಾರೆ. ಇನ್ನೂ ಆಶ್ಚರ್ಯದ್ದು ಒಂದಿದೆ. 1990ರಲ್ಲಿ ವರದಿಯಾದ ಒಬ್ಬ ಬೆಕರ್ ರೋಗಿಯಲ್ಲಿ 17ರಿಂದ 48ರವರೆಗೆ, ಪ್ರೋಟೀನಿನ ಅರ್ಧದ ಹತ್ತಿರ ಇರಲೇ ಇಲ್ಲ. ಆದರೂ ಆತ 61ನೇ ವಯಸ್ಸಿನಲ್ಲಿ ನಡೆಯುತ್ತಿದ್ದರು. ಗಿಡ್ಡ ಹಗ್ಗ, ಆದರೆ ಎರಡೂ ತುದಿ ಭದ್ರ. ಇವತ್ತು ಜೀನ್ ಥೆರಪಿಯಲ್ಲಿ ಕೊಡುವ ಮೈಕ್ರೋ-ಡಿಸ್ಟ್ರೋಫಿನ್ ಎಂಬ ಚಿಕ್ಕ ಜೀನಿನ ಯೋಚನೆ ಹುಟ್ಟಿದ್ದು ಇಂಥವರನ್ನು ನೋಡಿಯೇ.

ಲೆಕ್ಕ ಹಾಕಿ ಅಲ್ಲಿಗೇ ತೀರ್ಪು ಕೊಟ್ಟುಬಿಡಬೇಡಿ. 3ರಿಂದ 7ರವರೆಗಿನ ಡಿಲೀಷನ್ ಲೆಕ್ಕದ ಪ್ರಕಾರ ಔಟ್-ಆಫ್-ಫ್ರೇಮ್, ಆದರೂ ಕೆಲವರಲ್ಲಿ ಸೌಮ್ಯವಾಗಿರುತ್ತದೆ. ಇನ್-ಫ್ರೇಮ್ ಆಗಿದ್ದೂ ಹಗ್ಗವನ್ನು ಕೋಶದ ಹೊರಪದರಕ್ಕೆ ಕಟ್ಟುವ ಜಾಗವೇ, ಅಂದರೆ 64ರಿಂದ 70ರ ಭಾಗ ಹೋಗಿದ್ದರೆ ತೀವ್ರವಾಗಿರುತ್ತದೆ. ಮಗು ಈಗ ಹೇಗೆ ನಡೆಯುತ್ತಿದೆ, ಎಷ್ಟು ವಯಸ್ಸಿಗೆ ಏನು ಕಷ್ಟವಾಯಿತು ಎಂಬುದನ್ನೂ ರಿಪೋರ್ಟಿನ ಪಕ್ಕದಲ್ಲಿಟ್ಟು ಡಾಕ್ಟರು ನೋಡುತ್ತಾರೆ.

ಸಣ್ಣ ಬದಲಾವಣೆ ಇದ್ದರೆ

ಸೀಕ್ವೆನ್ಸಿಂಗ್ ರಿಪೋರ್ಟಿನಲ್ಲಿ ಸಿ.10108ಸಿ>ಟಿ, ಪಿ.ಆರ್ಗ್3370ಟರ್ ಎಂಬಂಥ ಸಾಲು ಇರುತ್ತದೆ. ಮೊದಲ ತುಂಡು ಜೀನಿನದು: 10108ನೇ ಅಕ್ಷರ ಸಿ ಇರಬೇಕಾದಲ್ಲಿ ಟಿ ಇದೆ. ಎರಡನೆಯದು ಪ್ರೋಟೀನಿನದು: 3370ನೇ ಜಾಗದಲ್ಲಿ ಆರ್ಜಿನೀನ್ ಬರಬೇಕಿತ್ತು, ಬದಲಿಗೆ ಪೂರ್ಣವಿರಾಮ ಬಂದಿದೆ. ಡಿಸ್ಟ್ರೋಫಿನ್ ಒಟ್ಟು 3685 ಅಮೈನೋ ಆಮ್ಲಗಳ ಸರ. ಕೊನೆಗೆ ಇನ್ನು ಮುನ್ನೂರು ಚಿಲ್ಲರೆ ಇರುವಾಗ ನಿಂತಿತು. "ಟರ್" ಅಥವಾ ನಕ್ಷತ್ರದ ಗುರುತು ಕಂಡರೆ ಅದು ನಾನ್‌ಸೆನ್ಸ್ ಮ್ಯುಟೇಷನ್. ನಮ್ಮ ವಾಕ್ಯ "ಕಮಲ ಮನೆಗೆ" ಎಂದು ಹೇಳಿ ನಿಂತುಬಿಟ್ಟ ಹಾಗೆ.

ಮಿಸ್‌ಸೆನ್ಸ್ ಎಂದರೆ ಒಂದು ಅಕ್ಷರ ಬದಲಾಗಿ ಪದ ಬೇರೆಯಾಗುವುದು. "ಹಸಿರು" ಹೋಗಿ "ಹಸಿದು" ಆದ ಹಾಗೆ. ವಾಕ್ಯ ಪೂರ್ತಿ ಇದೆ, ಅರ್ಥ ಕೆಟ್ಟಿತಾ ಇಲ್ಲವಾ ಎಂಬುದು ಪದದ ಮೇಲೆ ಹೋಗುತ್ತದೆ. ಇಲ್ಲೇ ಗೊಂದಲ ಜಾಸ್ತಿ.

ರಿಪೋರ್ಟಿನಲ್ಲಿ ಬದಲಾವಣೆಗೆ ಒಂದು ದರ್ಜೆ ಕೊಟ್ಟಿರುತ್ತಾರೆ. ಪ್ಯಾಥೋಜೆನಿಕ್ ಎಂದರೆ ರೋಗಕ್ಕೆ ಇದೇ ಕಾರಣ. ಲೈಕ್ಲಿ ಪ್ಯಾಥೋಜೆನಿಕ್ ಎಂದರೆ ಹೆಚ್ಚೂಕಡಿಮೆ ಇದೇ. ವಿಯುಎಸ್ ಎಂದು ಬರೆದಿದ್ದರೆ ಈಗಿರುವ ತಿಳಿವಳಿಕೆಯಲ್ಲಿ ಹೇಳಲಾಗದು ಎಂದು. ವಿಯುಎಸ್ ಒಂದನ್ನೇ ನಂಬಿ ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ, ಅದರಲ್ಲೂ ಬಸಿರಿಗೆ ಸಂಬಂಧಿಸಿದ್ದನ್ನು ಮಾಡಲೇಬೇಡಿ. ವರ್ಷ ಎರಡು ವರ್ಷ ಬಿಟ್ಟು ಮತ್ತೆ ನೋಡಲು ಲ್ಯಾಬಿಗೆ ಹೇಳಿ. ಆ ಹೊತ್ತಿಗೆ ಹೊಸ ಮಾಹಿತಿ ಬಂದು ದರ್ಜೆ ಬದಲಾಗಿರಬಹುದು.

ಡಿಎಂಡಿ ಜೀನ್ ಸರಿಯಾಗಿಯೇ ಇದ್ದರೆ

ಸ್ನಾಯು ಸವೆಯುವ ಕಾಯಿಲೆಗಳು ಬೇರೆಯೂ ಇವೆ. ಸೊಂಟ, ಭುಜದ ಸ್ನಾಯು ಸೋಲುವ ಲಿಂಬ್-ಗರ್ಡಲ್ ಗುಂಪಿನವು ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ಬಂದ ದೋಷ ಸೇರಿದಾಗ ಆಗುವಂಥವು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಇರುವ ನಮ್ಮ ಕಡೆ ಇವುಗಳನ್ನು ಮರೆಯುವಂತಿಲ್ಲ. ಅವುಗಳಲ್ಲಿ ಸಾರ್ಕೋಗ್ಲೈಕನ್ ಜೀನ್‌ಗಳದ್ದು ನೋಡಲು ಡುಶೆನ್ ಥರವೇ ಇರುತ್ತದೆ, ಹುಡುಗಿಯರಿಗೂ ಬರುತ್ತದೆ. ಇದಕ್ಕೆ ಜೀನ್ ಪ್ಯಾನೆಲ್ (ಹಲವು ಜೀನ್ ಒಟ್ಟಿಗೆ ಓದುವುದು) ಅಥವಾ ಎಕ್ಸೋಮ್ (ಎಲ್ಲ ಜೀನ್‌ಗಳ ಎಕ್ಸಾನ್ ಓದುವುದು) ಟೆಸ್ಟು ಸಾಕು.

ಆದರೆ ಎಕ್ಸೋಮ್ ಸಾಮಾನ್ಯವಾಗಿ ಹಿಡಿಯದ ಎರಡು ಇವೆ. ಮುಖದ ಸ್ನಾಯು, ಭುಜದ ಎಲುಬಿನ ಸುತ್ತ ಸೋಲುವ ಎಫ್‌ಎಸ್‌ಎಚ್‌ಡಿ, ಮತ್ತು ಹಿಡಿದ ಮುಷ್ಟಿ ಬೇಗ ಬಿಡಲಾಗದ ಮಯೋಟಾನಿಕ್ ಡಿಸ್ಟ್ರೋಫಿ. ಎರಡರಲ್ಲೂ ಒಂದೇ ತುಂಡು ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸಬೇಕು, ಅದಕ್ಕೆ ಬೇರೆಯೇ ಟೆಸ್ಟು. ಎಕ್ಸೋಮ್ ನಾರ್ಮಲ್ ಬಂತು ಎಂದು ಫೈಲು ಮುಚ್ಚಿಡಬೇಡಿ.

ಆ ಸಾಲು ಏನೇನಕ್ಕೆ ಬೇಕು

ನಮ್ಮ ಹುಡುಗನ 397ಕ್ಕೆ 51ನೇ ಎಕ್ಸಾನಿನ 233 ಸೇರಿಸಿ. 630. ಮೂರರಿಂದ ಭಾಗವಾಗುತ್ತದೆ! ಅಂದರೆ 51ನ್ನೂ ಓದದೆ ದಾಟುವ ಹಾಗೆ ಮಾಡಿದರೆ ಉಳಿದದ್ದು ಓದಲು ಬರುತ್ತದೆ, ಡುಶೆನ್ ಬೆಕರ್ ಆಗಬಹುದು. ಇದೇ ಎಕ್ಸಾನ್ ಸ್ಕಿಪಿಂಗ್. 51ಕ್ಕೆ ಎಟೆಪ್ಲಿರ್ಸೆನ್ ಎಂಬ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ 53ಕ್ಕೆ, 45ಕ್ಕೆ ಬಂದವು. ಡುಶೆನ್ ಇರುವ ನೂರು ಮಕ್ಕಳಲ್ಲಿ 51 ಹೊಂದುವುದು ಸುಮಾರು 13 ಮಕ್ಕಳಿಗೆ. ಈ ಲೆಕ್ಕ ಕೂಡಿದ ದಿನ ಅಕ್ಕನ ಮುಖ ಅರಳಿತ್ತು, ಹಾಗಾಗಿ ಉಳಿದದ್ದನ್ನೂ ಹೇಳಲೇಬೇಕು. ಸ್ನಾಯುವಿನಲ್ಲಿ ಸ್ವಲ್ಪ ಡಿಸ್ಟ್ರೋಫಿನ್ ಕಂಡಿತು ಎಂಬ ಆಧಾರದ ಮೇಲೆ ಕೊಟ್ಟ ಒಪ್ಪಿಗೆ ಅದು. ಮಕ್ಕಳು ಹೆಚ್ಚು ವರ್ಷ ನಡೆದರು ಎಂದು ಸಾಬೀತಾದ ಮೇಲೆ ಕೊಟ್ಟದ್ದಲ್ಲ. ಖರ್ಚು ವರ್ಷಕ್ಕೆ ಕೋಟಿಗಟ್ಟಲೆ. ನಾನ್‌ಸೆನ್ಸ್ ಮ್ಯುಟೇಷನ್‌ಗೆಂದು ಯುರೋಪಿನಲ್ಲಿ 2014ರಿಂದ ಷರತ್ತಿನ ಮೇಲೆ ಇದ್ದ ಅಟಾಲೂರೆನ್‌ನ ಅನುಮತಿಯನ್ನು 2025ರಲ್ಲಿ ಮುಂದುವರಿಸಲಿಲ್ಲ. 2023ರಲ್ಲಿ ಬಂದ ಎಲೆವಿಡಿಸ್ ಎಂಬ ಜೀನ್ ಥೆರಪಿ 8 ಅಥವಾ 9ನೇ ಎಕ್ಸಾನ್ ಇಲ್ಲದವರಿಗೆ ಕೊಡುವಂತಿಲ್ಲ. ನಡೆಯಲಾಗದ ಹಂತಕ್ಕೆ ಬಂದಿದ್ದ ಇಬ್ಬರು ಹುಡುಗರು ಅದನ್ನು ಪಡೆದ ಮೇಲೆ ಲಿವರ್ ಕೈಕೊಟ್ಟು 2025ರಲ್ಲಿ ತೀರಿಕೊಂಡರು.

ಇವತ್ತು ನಮ್ಮ ಕೈಗೆ ಎಟುಕುವುದು ಸ್ಟಿರಾಯ್ಡ್, ಅಂದರೆ ಪ್ರೆಡ್ನಿಸೊಲೋನ್ ಅಥವಾ ಡೆಫ್ಲಜಾಕಾರ್ಟ್. ಡುಶೆನ್‌ನಲ್ಲಿ ಯಾವ ಮ್ಯುಟೇಷನ್ ಇದ್ದರೂ ನಡೆಯುವ ಕಾಲವನ್ನು ಇವು ಹೆಚ್ಚಿಸುತ್ತವೆ. ಶುರು ಮಾಡುವುದು, ನಿಲ್ಲಿಸುವುದು ಎರಡೂ ಡಾಕ್ಟರು ಹೇಳಿದ ಹಾಗೆ. ಮಾತ್ರೆ ಖಾಲಿಯಾಯಿತು ಎಂದು ದಿಢೀರ್ ನಿಲ್ಲಿಸಿದರೆ ಅಪಾಯ. ಜೊತೆಗೆ ದಿನಾ ಕಾಲಿನ ಸ್ಟ್ರೆಚಿಂಗ್, ವರ್ಷ ವರ್ಷ ಹೃದಯದ ಎಕೋ. ಸ್ಟೆಮ್ ಸೆಲ್ ಹಾಕಿ ಗುಣಪಡಿಸುತ್ತೇವೆ ಎನ್ನುವವರ ಕಡೆ ತಿರುಗಿಯೂ ನೋಡಬೇಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ, ಅನುಮತಿ ಪಡೆದ ಟ್ರಯಲ್‌ನ ಹೊರಗೆ ಸ್ನಾಯು ಕಾಯಿಲೆಗೆ ಅದನ್ನು ಕೊಡುವಂತಿಲ್ಲ. ಟ್ರಯಲ್ ಆದರೆ ರೋಗಿಯಿಂದ ದುಡ್ಡು ಕೇಳುವುದಿಲ್ಲ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಫೈಲಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ: "ಡಿಎಂಡಿ ಇದೆ. ಅರಿವಳಿಕೆಗೆ ಸಕ್ಸಿನೈಲ್‌ಕೋಲಿನ್ ಕೊಡಬಾರದು." ಹಲ್ಲು, ಮೂಳೆ, ಟಾನ್ಸಿಲ್, ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಮೊದಲೇ ತೋರಿಸಿ. ಆ ಔಷಧಿಯಿಂದ ಈ ಮಕ್ಕಳ ಹೃದಯ ನಿಲ್ಲಬಹುದು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ಕಾಯಿಲೆಗೇ ಪ್ರತ್ಯೇಕ ಕ್ಲಿನಿಕ್ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಬೆಂಗಳೂರಿನ ಉತ್ಕೃಷ್ಟತಾ ಕೇಂದ್ರ. ಹೆಸರು ನೋಂದಾಯಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ.

ತಾಯಿ, ಅಕ್ಕ ತಂಗಿಯರು

ಬಹಳ ಮನೆಗಳಲ್ಲಿ ಮಗುವಿನ ರಿಪೋರ್ಟು ಬಂದ ಮೇಲೆ ಎಲ್ಲ ನಿಂತುಬಿಡುತ್ತದೆ. ನಿಲ್ಲಬಾರದು. ಮುಂದಿನ ಟೆಸ್ಟು ತಾಯಿಯದು.

ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ದೋಷ ತಾಯಿಯಿಂದ ಬಂದಿರುತ್ತದೆ, ಒಬ್ಬನಲ್ಲಿ ಹೊಸದಾಗಿ ಆಗಿರುತ್ತದೆ. ತಾಯಿ ವಾಹಕಳಾಗಿದ್ದರೆ ಪ್ರತಿ ಬಸಿರಲ್ಲೂ ಗಂಡಾದರೆ ಅರ್ಧಕ್ಕರ್ಧ ಸಂಭವ ಕಾಯಿಲೆ ಬರುವುದಕ್ಕೆ, ಹೆಣ್ಣಾದರೆ ಅರ್ಧಕ್ಕರ್ಧ ಸಂಭವ ಅವಳೂ ವಾಹಕಳಾಗುವುದಕ್ಕೆ. ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಡುಶೆನ್ ಬಂತು ಎನ್ನುವ ಮಾತು ತಪ್ಪು. ಎಕ್ಸ್ ಮೇಲಿನ ದೋಷಕ್ಕೂ ಆ ಮದುವೆಗೂ ಸಂಬಂಧವಿಲ್ಲ. ಅಕ್ಕನಿಗೆ ಅವಳ ಅತ್ತೆ "ನಿಮ್ಮ ಕಡೆಯಿಂದ ಬಂದದ್ದು" ಅಂದರು. ಬಂದದ್ದು ಹೌದು. ಆದರೆ ಅವಳು ತಂದದ್ದಲ್ಲ. ಅವಳಿಗೂ ಹಾಗೇ ಬಂದದ್ದು, ಯಾರೂ ಕೇಳದೆ. ಇದನ್ನು ಕೌನ್ಸೆಲರ್ ಅತ್ತೆಯನ್ನೂ ಕೂರಿಸಿಕೊಂಡು ಹೇಳಿದ ಮೇಲೆ ಮನೆಯಲ್ಲಿ ಆ ಮಾತು ನಿಂತಿತು. ಕೌನ್ಸೆಲಿಂಗ್‌ಗೆ ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ.

ವಾಹಕರ ಸಿಪಿಕೆ ನಾರ್ಮಲ್ ಇರಬಹುದು, ಅದನ್ನು ನಂಬಬೇಡಿ. ಮಗುವಿನ ಮ್ಯುಟೇಷನ್ ಗೊತ್ತಿದ್ದರೆ ಹೆಂಗಸರ ಟೆಸ್ಟು ಸುಲಭ, ಅದೇ ಜಾಗ ನೋಡಿದರೆ ಸಾಕು. ಹಾಗಾಗಿ ಹುಡುಗನ ರಿಪೋರ್ಟಿನ ಪ್ರತಿ ಬೇಕೇ ಬೇಕು. ತಾಯಿಯ ರಕ್ತದಲ್ಲಿ ಸಿಗದಿದ್ದರೂ ಕೆಲವರ ಅಂಡಾಣುಗಳಲ್ಲಿ ಮಾತ್ರ ದೋಷ ಅಡಗಿರಬಹುದು. ಅದಕ್ಕೇ ಮುಂದಿನ ಬಸಿರಿನಲ್ಲಿ ಭಯ ಕಡಿಮೆ, ಆದರೆ ಸೊನ್ನೆ ಅಲ್ಲ. ಆಗಲೂ ಭ್ರೂಣದ ಪರೀಕ್ಷೆಯ ಬಗ್ಗೆ ಕೇಳಿ. 11ರಿಂದ 13 ವಾರದಲ್ಲಿ ಸಿವಿಎಸ್ (ಮಾಸಿನ ಚೂರು ತೆಗೆದು ಮಾಡುವ ಪರೀಕ್ಷೆ), 16 ವಾರದ ಹೊತ್ತಿಗೆ ಗರ್ಭಜಲ ಪರೀಕ್ಷೆ. 1994ರ ಕಾಯ್ದೆ ಲಿಂಗಪತ್ತೆಯನ್ನು ನಿಷೇಧಿಸಿದೆ, ಆದರೆ ಇಂಥ ಕಾಯಿಲೆಗೆ ನೋಂದಾಯಿತ ಕೇಂದ್ರದಲ್ಲಿ ಪರೀಕ್ಷೆಗೆ ಅವಕಾಶ ಇದೆ. ಬಸಿರಾಗುವ ಮೊದಲೇ ರಿಪೋರ್ಟುಗಳು ಕೈಯಲ್ಲಿದ್ದರೆ ಸಮಯ ಸಿಗುತ್ತದೆ. ವಾಹಕರು ತಮ್ಮ ಹೃದಯದ ಎಕೋ ಸಹ ಮಾಡಿಸಬೇಕು, ಕೆಲವರಲ್ಲಿ ಹೃದಯ ಸೋಲುತ್ತದೆ. ಪುಟ್ಟ ಹುಡುಗಿಯರಿಗೆ ಮಾತ್ರ ಅವಸರ ಮಾಡಬೇಡಿ. ಅವರು ದೊಡ್ಡವರಾಗಿ, ತಿಳಿದು, ತಾವೇ ಕೇಳಲಿ.

ಈಗ ಅಮ್ಮನ ಮಾತು. ಒಂದು ಹಾಳೆ ತೆಗೆದುಕೊಂಡು ತಾಯಿಯ ಕಡೆಯ ಮೂರು ತಲೆಮಾರು ಬರೆಯಿರಿ. ನಡೆಯಲಾಗದೆ ಚಿಕ್ಕ ವಯಸ್ಸಿಗೆ ಹೋದ ಗಂಡುಮಕ್ಕಳು ಇದ್ದರಾ ಎಂದು ಹಿರಿಯರನ್ನು ಕೇಳಿ. ಅಮ್ಮನ ತಮ್ಮ ಹತ್ತನೇ ವಯಸ್ಸಿಗೆ ನಡಿಗೆ ಬಿಟ್ಟು, 17ಕ್ಕೆ ತೀರಿಕೊಂಡಿದ್ದ. ಮನೆಯಲ್ಲಿ ಅದನ್ನು ಪೋಲಿಯೋ ಅಂತಿದ್ದರು. ನಾವೂ ಹಾಗೇ ನಂಬಿದ್ದೆವು. ಅಮ್ಮನ ಟೆಸ್ಟಿನಲ್ಲಿ 48, 49, 50ರ ಎದುರು 0.5 ಬಂತು. ಅಕ್ಕನದೂ 0.5. ನನ್ನದೂ.

ಅಮ್ಮನಿಗೆ ಇನ್ನಿಬ್ಬರು ಅಕ್ಕಂದಿರಿದ್ದಾರೆ, ಅವರಿಗೆ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಹೇಗೆ ಹೇಳುವುದು ಎಂದು ವಾರ ಯೋಚಿಸಿ, ಕೊನೆಗೆ ಫೋನ್ ಮಾಡಿ ಮಾತಾಡಿ, ಆಮೇಲೆ ದೊಡ್ಡಮ್ಮನ ಮಗಳಿಗೆ ಈ ಮೆಸೇಜ್ ಕಳಿಸಿದೆ. ಬೇಕಾದರೆ ಹೀಗೇ ಬಳಸಿಕೊಳ್ಳಿ:

"ಅಕ್ಕಾ, ಫೋನಲ್ಲಿ ಹೇಳಿದ್ದನ್ನೇ ಬರೆದು ಕಳಿಸ್ತಿದ್ದೀನಿ. ಪುಟ್ಟನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. ಡಿಎಂಡಿ ಜೀನಲ್ಲಿ 48ರಿಂದ 50 ಎಕ್ಸಾನ್ ಡಿಲೀಷನ್. ಅಮ್ಮ, ಅಕ್ಕ, ನಾನು ಮೂವರೂ ವಾಹಕರು. ಮಾವನಿಗೆ ಇದ್ದದ್ದೂ ಇದೇ ಇರಬೇಕು. ಮೊದಲು ದೊಡ್ಡಮ್ಮನ ರಕ್ತ ಕೊಡಿಸು, ಅವರದು ಬಂದ ಮೇಲೆ ನಿನ್ನದು. ಎಂಎಲ್‌ಪಿಎ ಅಂತ ಕೇಳು, ಪುಟ್ಟನ ರಿಪೋರ್ಟು ಜೊತೆಗೆ ಕಳಿಸಿದ್ದೀನಿ, ಅದನ್ನ ತೋರಿಸು. ಬಸಿರಿದ್ದರೆ ಇವತ್ತೇ ಡಾಕ್ಟರಿಗೆ ಹೇಳು. ಒಬ್ಬಳೇ ಹೋಗಬೇಡ, ನಾನು ಬರ್ತೀನಿ."